ನಂಗೇನೂ ನೋವಿಲ್ಲ ಮೇಡಂ

(ಮೈಸೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಸ್ಟೀಲ್ ಲೋಟದಿಂದ ಶುರು ಮಾಡುತ್ತೇನೆ.

ಒಲೆಯಿಂದ ಆಗಷ್ಟೇ ಇಳಿಸಿದ ಕಾಫಿ ತುಂಬಿರುವ ಲೋಟವನ್ನು ನಮ್ಮಲ್ಲಿ ಯಾರೂ ಅಂಗೈ ತುಂಬ ಹಿಡಿಯುವುದಿಲ್ಲ. ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕೈ ಬದಲಿಸುತ್ತಾ, ಊದುತ್ತಾ ಕುಡಿಯುತ್ತೇವೆ. ಅವಸರವಿದ್ದರೆ ಸೆರಗೋ ಕರ್ಚೀಫೋ ಬೇಕು. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಚಿಕ್ಕಂದಿನಲ್ಲಿ ಒಂದೆರಡು ಸಲ ಬೆರಳು ಚುರ್ ಅಂದಮೇಲೆ ಕೈ ತಾನಾಗಿ ಕಲಿತಿದ್ದು.

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಆಸ್ಪತ್ರೆಗೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ದಾಖಲಾಗಿದ್ದಳು. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಅವಳಿಗೆ ಇದ್ದದ್ದು ಅನೊರೆಕ್ಸಿಯಾ ನರ್ವೋಸಾ, ಅಂದರೆ ಸಾಮಾನ್ಯವಾಗಿ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗಿ ಮೈ ಸೊರಗುವ ಮಾನಸಿಕ ಕಾಯಿಲೆ. ಒಂದೂವರೆ ವರ್ಷದಿಂದ ಊಟ ಇಳಿಸುತ್ತಾ ಇಳಿಸುತ್ತಾ ಬಂದಿದ್ದಳು. ತಾಯಿ ಮಲೆನಾಡಿನ ಕಡೆಯವರು, ಹಾಗಾಗಿ ಏನು ಮರೆತರೂ ಕಾಫಿ ಫ್ಲಾಸ್ಕ್ ಮರೆಯುವವರಲ್ಲ. ಒಂದು ಬೆಳಿಗ್ಗೆ ನಾನು ರೌಂಡ್ಸ್‌ಗೆ ಹೋದಾಗ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದರು. ಹತ್ತಿರ ನಿಂತಿದ್ದ ಸಿಸ್ಟರ್ ಅದನ್ನು ಎತ್ತಿಕೊಡಲು ಹೋಗಿ, 'ಅಯ್ಯಮ್ಮ' ಅಂತ ಕೈ ಕೊಡವಿ ಮತ್ತೆ ಟೇಬಲ್ ಮೇಲೇ ಇಟ್ಟರು. ಹುಡುಗಿ ಅದೇ ಲೋಟವನ್ನು ಎರಡೂ ಅಂಗೈಯಲ್ಲಿ ಬಾಚಿ ಹಿಡಿದು ಎದೆಗೆ ಒತ್ತಿಕೊಂಡಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. 'ಸುಡಲ್ವೇನೇ ಪುಟ್ಟಿ' ಅಂದರು ತಾಯಿ. 'ಹಿತವಾಗಿದೆ' ಅಂದಳು.

ನನ್ನ ತಲೆಗೆ ಹೊಳೆದದ್ದು ಇಷ್ಟೇ: ಪಾಪ, ಇವಳಿಗೆ ಚಳಿ. ಅದು ನಿಜವೂ ಹೌದು. ಆದರೆ ಅಲ್ಲಿಗೇ ನಿಂತುಬಿಟ್ಟೆ.

ನಾಲ್ಕು ದಿನದ ಮೇಲೆ ಫಿಸಿಯೋಥೆರಪಿಯ ಹುಡುಗ ಬಂದು, ಆಕೆ ನಡೆಯುವಾಗ ಎಡಗಾಲಿನ ಮೇಲೆ ಪೂರ್ತಿ ಭಾರ ಬಿಡುವುದಿಲ್ಲ ಮೇಡಂ ಅಂದ. ಹೋಗಿ ಕೇಳಿದೆ. 'ನಂಗೇನೂ ನೋವಿಲ್ಲ ಮೇಡಂ.' ತೊಡೆಯ ಬುಡ ಒತ್ತಿ ನೋಡಿದೆ. ಇಲ್ಲ. ಕಾಲು ತಿರುಗಿಸಿದೆ. ಇಲ್ಲ. ಕೇಸ್ ಶೀಟಿನಲ್ಲಿ 'ನೋವಿಲ್ಲ' ಅಂತ ಬರೆದೆ. ಆ ಅಕ್ಷರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಯಾಕೆಂದರೆ ಮುಂದೆ ಎಂಟು ದಿನ ಅವಳು ಅದೇ ಕಾಲಲ್ಲಿ ವರಾಂಡದ ಆ ತುದಿಯಿಂದ ಈ ತುದಿಗೆ ನಡೆದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಕಂಡಿತು: ತೊಡೆಮೂಳೆಯ ಕುತ್ತಿಗೆಯಲ್ಲಿ ಸಣ್ಣ ಬಿರುಕು. ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುತ್ತೇವೆ. ಒಂದೇ ಪೆಟ್ಟಿಗೆ ಮುರಿಯುವುದಲ್ಲ, ಸೊರಗಿದ ಮೂಳೆಯ ಮೇಲೆ ದಿನವೂ ಭಾರ ಬಿದ್ದು ಬಿದ್ದು ಸೀಳುವುದು. ನಾನೋ ನೀವೋ ಆಗಿದ್ದರೆ ಆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ.

ಅವಳು ಸುಳ್ಳು ಹೇಳಿದಳಾ? ಬಹಳ ಕಾಲ ನಾನು ಹಾಗೇ ಅಂದುಕೊಂಡಿದ್ದೆ. ಊಟದ ವಿಷಯಕ್ಕೆ ಈ ಕಾಯಿಲೆಯವರು ಮುಚ್ಚುಮರೆ ಮಾಡುವುದು ಉಂಟು, ಇದೂ ಹಾಗೇ ಇರಬೇಕು ಅಂತ. ಇವತ್ತಿನ ಮಾತು ಆ ಅನಿಸಿಕೆ ಎಷ್ಟು ತಪ್ಪಾಗಿತ್ತು ಅನ್ನುವುದರ ಬಗ್ಗೆ.

ಈ ಕಾಯಿಲೆಗೆ ಇವತ್ತಿರುವ ಹೆಸರು ಬಂದದ್ದು 1873ರಲ್ಲಿ. ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್, ಇಬ್ಬರೂ ಅದೇ ವರ್ಷ ಬೇರೆ ಬೇರೆಯಾಗಿ ಇದರ ಬಗ್ಗೆ ಬರೆದರು. ಗಲ್ ವರ್ಣಿಸಿದ ಮೊದಲ ರೋಗಿ ಹದಿನೇಳು ವರ್ಷದ ಹುಡುಗಿ, 'ಮಿಸ್ ಎ' ಅಂತಷ್ಟೇ ಕರೆದಿದ್ದಾನೆ. ಮೈ ಪೂರ್ತಿ ಒಣಗಿದೆ, ನಾಡಿ ನಿಮಿಷಕ್ಕೆ 56. ಆಮೇಲೆ ಒಂದು ಸಣ್ಣ ವಾಕ್ಯ ಬರುತ್ತದೆ. ರೋಗಿ ಯಾವ ನೋವನ್ನೂ ಹೇಳಿಕೊಳ್ಳಲಿಲ್ಲ, ಆದರೆ ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದಳು ಅಂತ. ಇಷ್ಟು ಸೊರಗಿದ ದೇಹ ಇಷ್ಟೊಂದು ಓಡಾಟವನ್ನು ಹೇಗೆ ತಡೆದುಕೊಳ್ಳುತ್ತದೆ, ಅದೂ ಖುಷಿಯಾಗಿ, ಅನ್ನುವುದು ಅವನಿಗೆ ಬಿಡಿಸಲಾಗದ ಒಗಟು. ನಮ್ಮ ವರಾಂಡದ ಹುಡುಗಿಯನ್ನೇ ಕಣ್ಣಾರೆ ನೋಡಿ ಬರೆದ ಹಾಗಿದೆ.

ಲಾಸೆಗ್ ಇನ್ನೂ ಹತ್ತಿರ ಹೋಗಿ ನೋಡಿದ. ಮನೆಯವರು ಬೇಡಿಕೊಳ್ಳುತ್ತಾರೆ, ಗದರಿಸುತ್ತಾರೆ, ಇಷ್ಟು ತಿಂದರೆ ಹಸುಗೂಸೂ ಬದುಕಲಾರದು ಅನ್ನುತ್ತಾರೆ. ರೋಗಿಯ ಉತ್ತರ ಒಂದೇ: ನನಗೆ ಯಾವ ಸಂಕಟವೂ ಇಲ್ಲ, ಅಂದಮೇಲೆ ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಎಷ್ಟು ಸಲ ಕೇಳಿದ್ದನೆಂದರೆ ಕೊನೆಗೆ ಅದನ್ನೇ ಕಾಯಿಲೆಯ ಲಕ್ಷಣದ ಹಾಗೆ ಕಾಣತೊಡಗಿದ. ನಾನು ಅವನನ್ನು ಮೊದಲೇ ಓದಿದ್ದರೆ ಆ ಕೇಸ್ ಶೀಟಿನಲ್ಲಿ ಎರಡು ಪದ ಬರೆದು ಸುಮ್ಮನಾಗುತ್ತಿರಲಿಲ್ಲ.

ಮುಂದಿನ ಸುಮಾರು ನೂರು ವರ್ಷ ಇದನ್ನು ಯಾರೂ ಅಳೆಯಲು ಹೋಗಲಿಲ್ಲ. ಮಧ್ಯೆ ಹಿಲ್ಡೆ ಬ್ರೂಖ್ ಎಂಬ ಮನೋವೈದ್ಯೆ 1962ರಲ್ಲಿ ಒಂದು ಮುಖ್ಯವಾದ ಮಾತು ಹೇಳಿದರು. ಈ ಕಾಯಿಲೆಯಲ್ಲಿ ಕೆಟ್ಟಿರುವುದು ಕನ್ನಡಿಯ ಮುಂದಿನ ಲೆಕ್ಕ ಮಾತ್ರವಲ್ಲ, ಒಳಗಿನಿಂದ ಬರುವ ಸುದ್ದಿಯನ್ನು ಓದುವ ಶಕ್ತಿಯೇ ಕೆಟ್ಟಿದೆ ಅಂತ. ಹಸಿವು, ದಣಿವು, ಚಳಿ ಎಲ್ಲವೂ ಆ ಸುದ್ದಿಗಳೇ. ನೋವೂ ಅದೇ ಟಪಾಲಿನಲ್ಲಿ ಬರುವ ಕಾಗದ.

ನೋವನ್ನು ಅಳೆಯುವಾಗ ಎರಡು ಗುರುತುಗಳನ್ನು ನೋಡುತ್ತಾರೆ. ಮೊದಲನೆಯದು ಹೊಸ್ತಿಲು. ಬಿಸಿ ಬಿಸಿಯಾಗಿಯೇ ಇದ್ದದ್ದು ಯಾವ ಕ್ಷಣದಲ್ಲಿ ನೋವಾಗಿ ಮನೆಯೊಳಗೆ ಕಾಲಿಟ್ಟಿತು? ಎರಡನೆಯದು ತಾಳಿಕೆ. ಕಾಲಿಟ್ಟ ನೋವನ್ನು ಎಷ್ಟು ಹೊತ್ತು ಸಹಿಸಿದಿರಿ? ನಮ್ಮ ಮನೆಗಳಲ್ಲಿ ಇವೆರಡನ್ನೂ ಒಟ್ಟಿಗೆ ಸೇರಿಸಿ 'ಗಟ್ಟಿಗಿತ್ತಿ' ಅಂದುಬಿಡುತ್ತೇವೆ. ಆದರೆ ಇವು ಬೇರೆ ಬೇರೆ. ತಾಳಿಕೆಯಲ್ಲಿ ಹಟ, ನಾಚಿಕೆ, ಎದುರಿಗೆ ಯಾರಿದ್ದಾರೆ ಅನ್ನುವುದು ಎಲ್ಲ ಸೇರಿಕೊಳ್ಳುತ್ತದೆ. ಹೊಸ್ತಿಲು ಅಷ್ಟು ಸುಲಭವಾಗಿ ನಮ್ಮ ಮಾತು ಕೇಳುವುದಿಲ್ಲ.

ಪರೀಕ್ಷೆ ಸರಳ. ಬೆಂಕಿಪೆಟ್ಟಿಗೆಯಷ್ಟೇ ಇರುವ ಲೋಹದ ತುಂಡನ್ನು ಮುಂಗೈಗೆ ಕಟ್ಟುತ್ತಾರೆ. ಮೈಗೆ ಏನೂ ಅನಿಸದ ಉಷ್ಣದಿಂದ, ಅಂದರೆ 32 ಡಿಗ್ರಿ ಸುಮಾರಿನಿಂದ, ಅದು ನಿಧಾನವಾಗಿ ಕಾಯತೊಡಗುತ್ತದೆ. ನೋವು ಅನ್ನಿಸಿದ ಕೂಡಲೇ ನೀವು ಗುಂಡಿ ಒತ್ತಬೇಕು. ಹೆಚ್ಚಿನವರು 43ರಿಂದ 47 ಡಿಗ್ರಿಯೊಳಗೆ ಒತ್ತುತ್ತಾರೆ. 50ರ ಆಸುಪಾಸಿಗೆ ಯಂತ್ರ ತಾನೇ ನಿಲ್ಲುತ್ತದೆ, ಚರ್ಮ ಸುಡಬಾರದಲ್ಲ. 1990ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ಟೀಫನ್ ಲೌಟೆನ್‌ಬಾಖರ್ ಮತ್ತು ಸಂಗಡಿಗರು ಅನೊರೆಕ್ಸಿಯಾ ಇರುವವರನ್ನೂ, ಒಮ್ಮೆಲೇ ವಿಪರೀತ ತಿಂದು ಆಮೇಲೆ ಹೊರಹಾಕುವ ಬುಲಿಮಿಯಾ ಇರುವವರನ್ನೂ ಕೂರಿಸಿ ಹೀಗೆ ಅಳೆದರು. ಎರಡೂ ಗುಂಪಿನವರು ಆರೋಗ್ಯವಂತರಿಗಿಂತ ತಡವಾಗಿ ಗುಂಡಿ ಒತ್ತಿದರು. ಆಮೇಲೆ ಅಮೆರಿಕದಲ್ಲಿ, ಪ್ರಾಗ್‌ನಲ್ಲಿ, ಜರ್ಮನಿಯ ಬೇರೆ ಊರುಗಳಲ್ಲಿ ಶಾಖದಿಂದಲೂ ಒತ್ತಡದಿಂದಲೂ ಅಳೆದು ನೋಡಿದಾಗ ಹೆಚ್ಚುಕಡಿಮೆ ಅದೇ ಕಂಡಿತು. ಹೊಸ್ತಿಲು ಎತ್ತರವಾಗಿದೆ.

ಇಲ್ಲಿ ಒಂದು ತಕರಾರು ಬರಲೇಬೇಕು. ಈ ಹುಡುಗಿಯರ ಕೈ ಮೊದಲೇ ಐಸ್‌ನಂತೆ ಇರುತ್ತದೆ, ತಣ್ಣನೆಯ ಕೈ ಕಾಯಲು ತಡವಾಗುತ್ತದೆ, ಅಷ್ಟಕ್ಕೇ ಇಷ್ಟು ದೊಡ್ಡ ಕಥೆಯೇ? ನಾನೂ ಮೊದಲು ಹಾಗೇ ಕೇಳಿದ್ದೆ. ಆದರೆ ಬುಲಿಮಿಯಾ ಇರುವವರಲ್ಲಿ ಹಲವರ ತೂಕ ಸಾಮಾನ್ಯವಾಗಿಯೇ ಇರುತ್ತದೆ, ಅವರಲ್ಲೂ ಹೊಸ್ತಿಲು ಎತ್ತರ. ಬೆರಳಿನ ಮೇಲೆ ಭಾರ ಹೇರಿ ಅಳೆದಾಗಲೂ ಎತ್ತರ. ಚಳಿಗೂ ಅದರ ಪಾಲಿದೆ, ಎಲ್ಲವೂ ಚಳಿಯ ತಲೆಗೆ ಕಟ್ಟಲಾಗುವುದಿಲ್ಲ.

ಇನ್ನೊಂದು ಊಹೆ ಬಹಳ ಜನಪ್ರಿಯವಾಗಿತ್ತು. ದೇಹ ತಾನೇ ತಯಾರಿಸುವ ಅಫೀಮು, ಎಂಡಾರ್ಫಿನ್, ಉಪವಾಸದಲ್ಲಿ ಹೆಚ್ಚಿ ನೋವನ್ನು ಮುಚ್ಚುತ್ತದೆ ಅಂತ. ಕೇಳಲು ಎಷ್ಟು ಚೆನ್ನಾಗಿದೆ! ಹಾಗಿದ್ದರೆ ಅಫೀಮಿನ ಕೆಲಸವನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ಹೊಸ್ತಿಲು ದಡಕ್ಕನೆ ಇಳಿಯಬೇಕಿತ್ತು. ಮ್ಯೂನಿಕ್‌ನವರು ಕೊಟ್ಟು ನೋಡಿದರು, ಇಳಿಯಲಿಲ್ಲ. ಪತ್ರಿಕೆಗಳಲ್ಲಿ ಇನ್ನೂ ಎಂಡಾರ್ಫಿನ್ ಕಥೆಯೇ ಓಡುತ್ತಿದೆ, ಏನು ಮಾಡುವುದು.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಇದು ಕಾಯಿಲೆಯ ಗುಣವೋ, ಹಸಿವಿನ ಗುಣವೋ?

1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ, ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಗಳಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದ. ಯುದ್ಧದಿಂದ ಯುರೋಪಿನಲ್ಲಿ ಕೋಟ್ಯಂತರ ಜನ ಹಸಿದಿದ್ದರು, ಅವರಿಗೆ ಮತ್ತೆ ಹೇಗೆ ಉಣಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಬಂದೂಕು ಹಿಡಿಯಲಾರೆವು ಅಂತ ಸೈನ್ಯಕ್ಕೆ ಸೇರಲು ನಿರಾಕರಿಸಿದ್ದ 36 ಯುವಕರು ತಾವಾಗಿ ಮುಂದೆ ಬಂದರು. ಆರು ತಿಂಗಳ ಅರೆಹೊಟ್ಟೆಯಲ್ಲಿ ಮೈತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಅವರಾರಿಗೂ ಈಟಿಂಗ್ ಡಿಸಾರ್ಡರ್ ಇರಲಿಲ್ಲ. ದೇಹ, ಮನಸ್ಸು ಎರಡರಲ್ಲೂ ಗಟ್ಟಿಯಾಗಿದ್ದವರನ್ನು ಆರಿಸಿಯೇ ತೆಗೆದುಕೊಂಡಿದ್ದು.

ಅವರ ಬಗ್ಗೆ ದಾಖಲಾಗಿರುವ ಎಷ್ಟೋ ಸಂಗತಿಗಳನ್ನು ನೀವು ಓದಿರಬಹುದು. ತಟ್ಟೆ ನೆಕ್ಕುವುದು, ಅಡುಗೆ ಪುಸ್ತಕ ಕೂಡಿಡುವುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಸಣ್ಣ ವಿವರ. ಆ ಹುಡುಗರು ಬೇಸಿಗೆಯಲ್ಲೂ ಚಳಿ ಚಳಿ ಅನ್ನುತ್ತಿದ್ದರು, ಕಾಫಿ, ಸೂಪು ಅತಿಯಾಗಿ ಬಿಸಿ ಇರಬೇಕು ಅಂತ ಕೇಳುತ್ತಿದ್ದರು, ಬಿಸಿ ತಟ್ಟೆಗಳನ್ನು ತೊಂದರೆಯಿಲ್ಲದೆ ಬರಿಗೈಯಲ್ಲಿ ಹಿಡಿಯುತ್ತಿದ್ದರು. ಇದನ್ನು ಓದಿದ ರಾತ್ರಿ ನನಗೆ ಆ ಸ್ಟೀಲ್ ಲೋಟ ನೆನಪಾಗಿ ನಿದ್ದೆ ಬರಲಿಲ್ಲ. ಅವಳು ಮಾಡಿದ್ದು ಅವಳ ಸ್ವಭಾವದ್ದಲ್ಲ, ಹಟದ್ದಲ್ಲ. ಹಸಿದ ಯಾವ ಮೈಯಾದರೂ ಹಾಗೆ ಮಾಡುತ್ತದೆ.

ಅದೇ ಯುವಕರಿಗೆ ಇನ್ನೊಂದು ನೋವು ಮಾತ್ರ ಜಾಸ್ತಿಯಾಗಿತ್ತು ಅನ್ನುವುದನ್ನೂ ಹೇಳಬೇಕು. ಕುರ್ಚಿಯ ಮೇಲೆ ಕೂರುವುದು. ಮೂಳೆಯ ಮೇಲಿನ ಮಾಂಸ ಕರಗಿ, ದಿಂಬಿಲ್ಲದೆ ಕೂರಲಾಗುತ್ತಿರಲಿಲ್ಲ. ಅಂದರೆ ಹಸಿವು ನೋವಿನ ಸ್ವಿಚ್ಚನ್ನೇ ಆರಿಸಿಬಿಡುವುದಿಲ್ಲ. ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವ ಆಯ್ಕೆಯನ್ನು ಬದಲಿಸುತ್ತದೆ.

ಆ ಆಯ್ಕೆ ಎಲ್ಲಿ ನಡೆಯುತ್ತದೆ ಅನ್ನುವುದಕ್ಕೆ ಒಂದು ಸುಳಿವು 2018ರಲ್ಲಿ ಸಿಕ್ಕಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿಕೋಲಸ್ ಬೆಟ್ಲಿ ಅವರ ಪ್ರಯೋಗಾಲಯ. ಇಲಿಯ ಪಾದಕ್ಕೆ ಸ್ವಲ್ಪ ಫಾರ್ಮಲಿನ್ ಚುಚ್ಚಿದರೆ ಎರಡು ಕಂತಿನಲ್ಲಿ ನೋವು ಬರುತ್ತದೆ. ಚುಚ್ಚಿದ ತಕ್ಷಣದ ಚುರುಕು ಮೊದಲನೆಯದು. ಸ್ವಲ್ಪ ಹೊತ್ತು ಬಿಟ್ಟು ಊತದ ಜೊತೆ ಬರುವ, ಎಳೆದಾಡುವ ನೋವು ಎರಡನೆಯದು. ಒಂದು ದಿನ ಆಹಾರ ಕೊಡದೆ ಇಟ್ಟಿದ್ದ ಇಲಿಗಳು ಮೊದಲ ಕಂತಿಗೆ ಎಂದಿನ ಹಾಗೇ ಪಾದ ನೆಕ್ಕಿದವು. ಎರಡನೆಯ ಕಂತಿಗೆ, ನೋವಿನ ಮದ್ದು ಕೊಟ್ಟ ಹಾಗೆ, ಹೆಚ್ಚೇನೂ ಗಮನ ಕೊಡಲಿಲ್ಲ. ಹುಡುಕುತ್ತಾ ಹೋದಾಗ, ಮೆದುಳಿನ ಬುಡದ ಹೈಪೊಥಲಮಸ್‌ನಲ್ಲಿ ಹಸಿವಾದಾಗ ಎಚ್ಚೆತ್ತುಕೊಳ್ಳುವ ಕೋಶಗಳಲ್ಲಿ ಬರೀ ಮುನ್ನೂರರಷ್ಟು, ನೋವಿನ ಸುದ್ದಿ ಹಾದುಹೋಗುವ ಒಂದು ಜಾಗಕ್ಕೆ ತಂತಿ ಎಳೆದುಕೊಂಡು ಕೂತಿರುವುದು ಗೊತ್ತಾಯಿತು. ಹಸಿವು ಜೋರಾದರೆ ಆ ಜಾಗದಲ್ಲಿ ನೋವಿನ ದನಿ ತಗ್ಗುತ್ತದೆ. ತಿರುಗಾಮುರುಗಾ ಕೂಡ ಉಂಟು: ಪಾದಕ್ಕೆ ಬಿಸಿ ತಾಗಿ ಆ ಕ್ಷಣದ ನೋವಾದರೆ ಹಸಿವಿನ ಕೋಶಗಳು ತಣ್ಣಗಾಗುತ್ತವೆ.

ಯೋಚಿಸಿದರೆ ಇದರಲ್ಲಿ ನ್ಯಾಯವಿದೆ. ಕಾಲು ಊದಿಕೊಂಡಿದೆ ಅಂತ ಗುಹೆಯಲ್ಲಿ ಮಲಗಿದ ಪ್ರಾಣಿ ಹಸಿದು ಸಾಯುತ್ತದೆ. ಕುಂಟಿಕೊಂಡಾದರೂ ಹೊರಟದ್ದು ಉಳಿಯುತ್ತದೆ. ಆದರೆ ಬೆಂಕಿ ತಗುಲಿದರೆ ಮಾತ್ರ ಎಷ್ಟೇ ಹಸಿದಿರಲಿ ಪಾದ ಹಿಂದೆಗೆಯಬೇಕು. ಹುಡುಗಿಯ ಸೀಳಿದ ಮೂಳೆ ಯಾಕೆ ಸುಮ್ಮನಿತ್ತು ಅನ್ನುವುದಕ್ಕೆ ಈ ಇಲಿಗಳು ಒಂದು ದಾರಿ ತೋರಿಸುತ್ತವೆ. ಬಿಸಿ ಲೋಟ ಯಾಕೆ ಸುಡಲಿಲ್ಲ ಅನ್ನುವುದಕ್ಕೆ ತೋರಿಸುವುದಿಲ್ಲ, ಯಾಕೆಂದರೆ ಇಲಿಗಳಲ್ಲಿ ಆ ಕ್ಷಣದ ನೋವು ಕುಂದಿರಲಿಲ್ಲ. ಇಲಿಯ ಒಂದು ದಿನವನ್ನೂ ಮನುಷ್ಯಳ ಒಂದೂವರೆ ವರ್ಷವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ನಾನು ತಿಳಿದಿದ್ದೇನೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ. ಬೆರಳು ಸುಟ್ಟರೆ ಚುರ್ ಅನ್ನುತ್ತದೆ. ಹಸಿದರೆ ಹೊಟ್ಟೆ ಚುರುಗುಟ್ಟುತ್ತದೆ. ಒಂದೇ ಸದ್ದು ಎರಡಕ್ಕೂ. ಸಂಕಟ ಅನ್ನುವ ಪದವೂ ಅಷ್ಟೇ, ಹೊಟ್ಟೆಯದ್ದೂ ಹೌದು, ಮನಸ್ಸಿನದ್ದೂ ಹೌದು.

ಬುಲಿಮಿಯಾದ ದಾರಿ ಬೇರೆ, ಅದನ್ನು ಚುಟುಕಾಗಿ ಹೇಳುತ್ತೇನೆ. ಒಮ್ಮೆಲೇ ವಿಪರೀತ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಹೊರಹಾಕುವುದು, ಈ ಚಕ್ರಕ್ಕೆ 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಹೆಸರು ಕೊಟ್ಟರು. ಹೊಟ್ಟೆಯಿಂದ ಮೆದುಳಿಗೆ ಸುದ್ದಿ ಒಯ್ಯುವ ವೇಗಸ್ ನರ ಈ ಚಕ್ರದಲ್ಲಿ ಹದ ತಪ್ಪುತ್ತದೆ, ಅದೇ ನರ ನೋವನ್ನೂ ತಗ್ಗಿಸಬಲ್ಲದು, ಅನ್ನುವುದು ಮತ್ತೆ ಮಿನೆಸೋಟದಲ್ಲೇ ಪೆಟ್ರೀಷಿಯಾ ಫ್ಯಾರಿಸ್ ಮತ್ತು ಸಂಗಡಿಗರು ಮುಂದಿಟ್ಟ ವಾದ. ವಾಂತಿ ನಿಲ್ಲಿಸಲು ಕೊಡುವ ಒಂಡಾನ್ಸೆಟ್ರಾನ್ ಈ ನರದ ಸುದ್ದಿಯನ್ನು ತಗ್ಗಿಸುತ್ತದೆ. ಅದನ್ನು ಕೊಟ್ಟು ನೋಡಿದ 2000ದ ಅಧ್ಯಯನದಲ್ಲಿ ಚಕ್ರದ ಸುತ್ತುಗಳು ಕಡಿಮೆಯಾದವು. ಈ ಮಾತ್ರೆ ನಮ್ಮ ಎಷ್ಟೋ ಮನೆಗಳ ಡಬ್ಬಿಯಲ್ಲಿ ಇದೆ, ಅದಕ್ಕೇ ಎಚ್ಚರಿಸುತ್ತಿದ್ದೇನೆ: ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರುವವರಲ್ಲಿ ಇದು ಎದೆಬಡಿತದ ತಾಳ ತಪ್ಪಿಸಬಲ್ಲದು, ಬುಲಿಮಿಯಾದಲ್ಲಿ ಪೊಟ್ಯಾಸಿಯಂ ಇಳಿದಿರುವುದು ಮಾಮೂಲಿ. ಡಾಕ್ಟರ್ ಹೇಳದೆ ಮುಟ್ಟಬೇಡಿ.

ಇಷ್ಟು ಹೇಳಿದ ಮೇಲೆ ಯಾರಾದರೂ ತಾಯಂದಿರು ಎದ್ದು, 'ನೋವೇ ಗೊತ್ತಾಗಲ್ಲ ಅಂತೀರಿ, ನನ್ನ ಮಗಳು ಎರಡು ತುತ್ತು ಅನ್ನ ತಿಂದ್ರೆ ಹೊಟ್ಟೆ ಹಿಡ್ಕೊಂಡು ಅಳ್ತಾಳಲ್ಲ' ಅಂತ ಕೇಳಿದರೆ? ಕೇಳಲೇಬೇಕು. ಈ ವಿಷಯದ ಗಂಟು ಇರುವುದೇ ಅಲ್ಲಿ.

ಬಿಸಿ ಲೋಟ ಸುಡದ ಅದೇ ಹುಡುಗಿಗೆ ಅರ್ಧ ಚಪಾತಿ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಇದು ನಾಟಕವಲ್ಲ. ಬಹಳ ದಿನ ಕಡಿಮೆ ತಿಂದಾಗ ಜಠರ ಖಾಲಿಯಾಗುವ ವೇಗವೇ ಕುಗ್ಗುತ್ತದೆ. ಮಧ್ಯಾಹ್ನ ತಿಂದದ್ದು ಸಂಜೆಗೂ ಅಲ್ಲೇ ಇದ್ದ ಹಾಗೆ ಅನಿಸುತ್ತದೆ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1993ರಲ್ಲಿ ತಮ್ಮ 70 ರೋಗಿಗಳ ವಿವರ ಪ್ರಕಟಿಸಿದಾಗ ಪಶ್ಚಿಮದವರಿಗೆ ಆಶ್ಚರ್ಯವಾಯಿತು. ಅರ್ಧಕ್ಕಿಂತ ಹೆಚ್ಚು ಜನ ದಪ್ಪಗಾಗುವ ಭಯವನ್ನೇ ಹೇಳಿರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ತಿನ್ನಲಾಗುವುದಿಲ್ಲ, ಇಂಥವೇ ಅವರು ಹೇಳಿದ ಕಾರಣಗಳು. ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮಲ್ಲಿ ಇದಕ್ಕೆ ಒಂದೇ ಪದ ಸಾಕು, 'ಗ್ಯಾಸ್ಟ್ರಿಕ್'. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ಮಗಳು ಊಟ ಬಿಟ್ಟರೂ ಗ್ಯಾಸ್ಟ್ರಿಕ್. ನನ್ನ ಬಳಿ ಬಂದ ಇಂಥ ಹುಡುಗಿಯರಲ್ಲಿ ಎಂಡೋಸ್ಕೋಪಿ ಆಗದೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮೂರಲ್ಲಿ ಈ ಕಾಯಿಲೆ ಇಲ್ಲ ಅನ್ನುವ ಮಾತು ಹುಟ್ಟಿದ್ದೂ ಹೀಗೇ ಇರಬೇಕು. ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಒಬ್ಬರನ್ನಾದರೂ ನೋಡಿದ್ದೇವೆ ಅಂದಿದ್ದರು.

ಚರ್ಮದ ನೋವು ಮಂಕಾಗಿ ಹೊಟ್ಟೆಯ ನೋವು ಹರಿತವಾಗುವುದು ಹೇಗೆ? ಸ್ಯಾನ್ ಡಿಯಾಗೋದಲ್ಲಿ ಐರಿನಾ ಸ್ಟ್ರಿಗೊ ಮತ್ತು ತಂಡ 2013ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಅವರು ಕರೆಸಿದ್ದು ಅನೊರೆಕ್ಸಿಯಾದಿಂದ ಗುಣಮುಖರಾದ ಹೆಂಗಸರನ್ನು. ಸ್ಕ್ಯಾನರ್‌ನೊಳಗೆ ಮಲಗಿಸಿ, ಈಗ ಕೈಗೆ ಬಿಸಿ ತಾಗುತ್ತದೆ ಅಂತ ಮೊದಲೇ ಸೂಚನೆ ಕೊಟ್ಟು, ಆಮೇಲೆ ಬಿಸಿ ಮುಟ್ಟಿಸಿದರು. ಒಳಗಿನ ಸುದ್ದಿಯನ್ನು ಓದುವ ಇನ್ಸುಲಾ ಎಂಬ ಭಾಗ ಮೆದುಳಿನಲ್ಲಿದೆ. ನೋವು ಬರಲಿದೆ ಅಂತ ಕಾಯುವಾಗ ಈ ಹೆಂಗಸರಲ್ಲಿ ಅದರ ಮುಂಭಾಗ ಉಳಿದವರಿಗಿಂತ ಜೋರಾಗಿ ಉರಿಯಿತು. ನೋವು ನಿಜವಾಗಿ ಬಂದಾಗ ಹಿಂಭಾಗ ಉಳಿದವರಿಗಿಂತ ಮಂಕಾಗಿತ್ತು. ಬರಲಿರುವ ನೋವಿಗೆ ಮೆದುಳಿನ ತಯಾರಿ ಜಾಸ್ತಿ, ಬಂದ ನೋವಿಗೆ ಅದರ ಸ್ಪಂದನೆ ಕಡಿಮೆ.

ತಟ್ಟೆಯ ಮುಂದೆ ಕೂತವಳನ್ನು ಇದೇ ಬೆಳಕಿನಲ್ಲಿ ನೋಡಿ. ಊಟ ಅನ್ನುವುದು ಪೂರ್ತಿ ಕಾಯುವಿಕೆ. ಬಡಿಸುವ ಸದ್ದು, ತುಪ್ಪದ ವಾಸನೆ, ಅಮ್ಮನ ನೋಟ, ಎಲ್ಲವೂ ಸೂಚನೆಗಳೇ. ಮೂಳೆ ಸೀಳುವುದಕ್ಕೆ ಯಾರೂ ಸೂಚನೆ ಕೊಡುವುದಿಲ್ಲ. ನನ್ನ ಅನುಭವಕ್ಕೆ ಇದು ಹೊಂದುತ್ತದೆ. ಆದರೂ ಕೈಗೆ ಮುಟ್ಟಿಸಿದ ಬಿಸಿಯಿಂದ ಹೊಟ್ಟೆಯೊಳಗಿನ ಅನ್ನಕ್ಕೆ ಹಾರುವುದು ನನ್ನ ಹಾರಾಟ, ಆ ವಿಜ್ಞಾನಿಗಳದ್ದಲ್ಲ.

ಹಾಗಾದರೆ ವಾರ್ಡಿನಲ್ಲಿ ಏನು ಬದಲಾಯಿತು? ನೋವಿಲ್ಲ ಅನ್ನುವ ಉತ್ತರವನ್ನು ನಾನು ಈಗ ಬರೆದುಕೊಳ್ಳುತ್ತೇನೆ, ನಂಬಿ ಕೂರುವುದಿಲ್ಲ. ನಾಡಿ, ಮಲಗಿದಾಗ ಮತ್ತು ಎದ್ದು ನಿಂತಾಗಿನ ಬಿಪಿ, ಮೈಯ ಉಷ್ಣ, ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಇವುಗಳಿಗೆ ನಾಚಿಕೆಯೂ ಇಲ್ಲ, ಹಟವೂ ಇಲ್ಲ. ಮುಟ್ಟು ನಿಂತು ಎಷ್ಟು ತಿಂಗಳಾಯಿತು ಅಂತ ಕೇಳುತ್ತೇನೆ, ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ನಡೆಸಿ ನೋಡುತ್ತೇನೆ. ಪಾದ ಬಿಚ್ಚಿಸಿ ನೋಡುತ್ತೇನೆ. ಗುಳ್ಳೆ ಒಡೆದು ಕಾಲುಚೀಲಕ್ಕೆ ಅಂಟಿದ್ದನ್ನೂ ಗಮನಿಸದವರು ಇದ್ದಾರೆ. ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೇ ಮಲಗುವ ಅಭ್ಯಾಸ ಬಿಡಿಸುತ್ತೇವೆ, ಯಾಕೆ ಅಂತ ಈಗ ನಿಮಗೆ ಹೇಳಬೇಕಾಗಿಲ್ಲ.

ಮನೆಯವರಿಗೂ ಒಂದು ಮಾತಿದೆ. ನಮ್ಮಲ್ಲಿ ಹೆಣ್ಣುಮಗು ಇಂಜೆಕ್ಷನ್‌ಗೆ ಅಳದಿದ್ದರೆ ಜಾಣೆ, ಮುಟ್ಟಿನ ನೋವನ್ನು ಬಾಯಿ ಬಿಡದೆ ನುಂಗಿದರೆ ಸಹನಾವಂತೆ. ಹೊಗಳಿಕೆ ತಾಳಿಕೆಗೆ ಸಿಗುತ್ತಾ ಹೋಗುತ್ತದೆ. ನೋವು ಗೊತ್ತಾಗದಿರುವುದನ್ನು ಈ ಹುಡುಗಿಯರು ತಮ್ಮ ಗೆಲುವು ಅಂದುಕೊಳ್ಳುವುದರಲ್ಲಿ ನಮ್ಮ ಕೈಯೂ ಇದೆ. ಅದು ಗೆಲುವಲ್ಲ ಕಣಮ್ಮಾ, ಹಸಿವು ಮಾಡುತ್ತಿರುವ ಕೆಲಸ, ನಿನ್ನ ಜಾಗದಲ್ಲಿ ಗಟ್ಟಿಮುಟ್ಟಾದ 36 ಗಂಡಸರಿದ್ದಾಗಲೂ ಇದನ್ನೇ ಮಾಡಿತು ಅಂದಾಗ ಕೆಲವರ ಮುಖ ಸಡಿಲವಾಗುವುದನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಟ್ಟಿರಬೇಕು. ನಮ್ಮ ಹುಡುಗಿಗೆ ಊಟ ಏರಿಸಿದ ಮೂರನೆಯ ವಾರ ಸೊಂಟದಲ್ಲಿ ನೋವು ಶುರುವಾಯಿತು. ಪಾದ ಊದಿತು, ಹೊಟ್ಟೆ ಹಿಡಿದುಕೊಂಡಿತು, ರಾತ್ರಿ ನಿದ್ದೆಯಿಲ್ಲ. ತಾಯಿ ನನ್ನ ಮೇಲೆ ಸಿಟ್ಟಾದರು. 'ಬರೋವಾಗ ಏನೂ ನೋವಿರ್ಲಿಲ್ಲ ಮೇಡಂ, ನೀವು ಊಟ ಹಾಕಿ ಹಾಕಿ ಕಾಯಿಲೆ ತಂದ್ರಿ.' ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಕಾಲು ಜೋಮು ಬಿಡುವಾಗ ಆಗುವ ಹಿಂಸೆ ಜೋಮಿನಲ್ಲಿ ಇರುವುದಿಲ್ಲವಲ್ಲ. ಗುಣವಾಗುವ ದಾರಿಯಲ್ಲಿ ಹಲವರು ಮತ್ತೆ ಊಟ ಬಿಡುವುದು ಈ ತಿರುವಿನಲ್ಲೇ, ಹಾಗಾಗಿ ನೋವು ಬರುವ ಮೊದಲೇ, ಬರುತ್ತದೆ ಅಂತ ಹೇಳಿ ಅದಕ್ಕೆ ಬೇಕಾದ ಮದ್ದನ್ನೂ ಬರೆದಿಡುವುದು ನಮ್ಮ ಕೆಲಸ.

ಪ್ರಶ್ನೆಗಳಲ್ಲಿ ಮೊದಲನೆಯದು ನಿವೃತ್ತ ಮೇಷ್ಟ್ರೊಬ್ಬರದು. ಏಕಾದಶಿ ಉಪವಾಸ ಮಾಡಿದರೆ ಮೈ ಹಗುರವಾಗುತ್ತದಲ್ಲ ತಾಯಿ, ಅದೂ ಕಾಯಿಲೆಯೇ? ಅಲ್ಲ ಸಾರ್. ದ್ವಾದಶಿ ಬೆಳಿಗ್ಗೆ ಪಾರಣೆಗೆ ನೀವು ಖುಷಿಯಾಗಿ ಎಲೆ ಮುಂದೆ ಕೂರುತ್ತೀರಿ. ಆ ಬೆಳಿಗ್ಗೆ ಬರಲಿ ಅನ್ನುವ ಆಸೆಯೇ ಹೋದಾಗ ನನ್ನ ಹತ್ತಿರ ಬನ್ನಿ.

ಎರಡನೆಯದು ದೈಹಿಕ ಶಿಕ್ಷಣದ ಮೇಡಂ ಕೇಳಿದ್ದು. ದೂರ ಓಡುವ ಹುಡುಗಿಯರಲ್ಲಿ ಇದು ಇದೆಯಾ? ಊಟ ಕಡಿಮೆ, ಓಟ ಜಾಸ್ತಿ, ಮುಟ್ಟು ನಿಂತಿದೆ, ಆದರೂ ನೋವಿಲ್ಲ ಅನ್ನುತ್ತಾಳೆ ಅಂದರೆ ಅವಳನ್ನು ಮೈದಾನದಿಂದ ಹೊರಗೆ ಕರೆಯಿರಿ. ಇದಕ್ಕೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಬೇರೆ ಹೆಸರಿಟ್ಟು ಎಚ್ಚರಿಸಿದೆ. ಮುಟ್ಟು ನಿಂತದ್ದು ಒಳ್ಳೆಯ ತರಬೇತಿಯ ಗುರುತು ಅನ್ನುವ ಕೋಚ್‌ಗಳು ಇನ್ನೂ ಇದ್ದಾರೆ, ಅವರ ಮಾತಿಗೆ ಕಿವಿಗೊಡಬೇಡಿ.

ಮೂರನೆಯ ಪ್ರಶ್ನೆ ಸಭೆಯಲ್ಲಿ ಬರಲಿಲ್ಲ. ಹಾರ ತುರಾಯಿ ಎಲ್ಲ ಮುಗಿದು ಮೆಟ್ಟಿಲಿಳಿಯುವಾಗ ಸೆಕೆಂಡ್ ಬಿಕಾಂ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದಳು. ಹಾಸ್ಟೆಲ್ ರೂಮ್‌ಮೇಟ್ ಬಗ್ಗೆ ಅಂದಳು. 'ಕೇಳಿದ್ರೆ ಆರಾಮಾಗಿದೀನಿ ಅಂತಾಳೆ ಮೇಡಂ. ಏನ್ ಕೇಳ್ಬೇಕು ಅವಳನ್ನ?' ಹೇಗಿದ್ದೀಯಾ ಅಂತ ಕೇಳಬೇಡ, ಅದಕ್ಕೆ ಉತ್ತರ ರೆಡಿ ಇರುತ್ತೆ, ನೀನು ಕಣ್ಣಾರೆ ನೋಡಿದ್ದನ್ನು ಹೇಳು ಅಂದೆ. ಏನು ನೋಡಿದ್ದೀಯಾ? ಸ್ವಲ್ಪ ಹೊತ್ತು ಯೋಚಿಸಿದಳು. 'ಫ್ಯಾನ್ ಹಾಕೋಕೆ ಬಿಡಲ್ಲ ಮೇಡಂ. ಏಪ್ರಿಲ್‌ನಲ್ಲೂ ಸ್ವೆಟರ್ ಹಾಕ್ಕೊಂಡೇ ಮಲಗ್ತಾಳೆ. ಬಕೆಟ್‌ನಲ್ಲಿ ನೀರು ಹೊಗೆ ಆಡ್ತಿರುತ್ತೆ, ಹಾಗೇ ಸುರ್ಕೊಳ್ತಾಳೆ.'

ನಾಳೆಯೇ ಅವಳ ಜೊತೆ ಡಾಕ್ಟರ್ ಹತ್ತಿರ ಹೋಗು, ಇವಿಷ್ಟನ್ನೂ ಇದೇ ಮಾತಿನಲ್ಲಿ ಅವರಿಗೆ ಹೇಳು ಅಂದೆ. ಅವಳು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ನೀನೇ ಫೋನ್ ಮಾಡು, 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಚಾರ್ಜ್ ಹೋಗಿತ್ತು. ನನ್ನ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಂಡಳು.